ತಾಲೂಕಿನೊಳಗೆ ಕಲಿಸಬಾರದು

ಓದದೆ ಸಹಿ ಹಾಕಿದೆಯಾ ಎಂದು ನನ್ನನ್ನು ಕೇಳದವರಿಲ್ಲ. ಗಂಡ ಕೇಳಿದರು, ವಕೀಲರು ಕೇಳಿದರು, ಕುಂಜತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಮುಖಪರಿಚಯ ಮಾತ್ರ ಇದ್ದವರೂ ಕೇಳಿದರು. ಓದಿಯೇ ಹಾಕಿದ್ದೆ. ಛಾಪಾಕಾಗದದ ಮೇಲೆ ಮಲಯಾಳದಲ್ಲಿ ಟೈಪ್ ಮಾಡಿದ್ದರು. ನಾನು ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವಳು. ಮಲಯಾಳ ಓದಲು ಕಲಿತದ್ದು ಬಸ್ಸಿನ ಬೋರ್ಡುಗಳಿಂದ, ವಿಲ್ಲೇಜ್ ಆಫೀಸಿನ ಗೋಡೆಗೆ ಅಂಟಿಸಿದ ನೋಟೀಸುಗಳಿಂದ. ಹಾಗಾಗಿ ನಿಧಾನ. ಆದರೂ ಅರ್ಥವಾಯಿತು. ಡ್ರೈವಿಂಗ್ ಸ್ಕೂಲಿನ ಕೆಲಸ ಬಿಟ್ಟರೆ ಮೂರು ವರ್ಷದ ತನಕ ಮಂಜೇಶ್ವರ ತಾಲೂಕಿನೊಳಗೆ ನಾನು ಸ್ವಂತವಾಗಿಯಾಗಲಿ, ಬೇರೆಯವರ ಕೈಕೆಳಗಾಗಲಿ ಯಾರಿಗೂ ವಾಹನ ಬಿಡಲು ಕಲಿಸಬಾರದು ಎಂದು ಬರೆದಿತ್ತು.

ನಾನು ತಲೆ ಎತ್ತಿದಾಗ ಸ್ಕೂಲಿನ ಯಜಮಾನರು ನಗುತ್ತಿದ್ದರು. "ನೀನು ಎಲ್ಲಿಗೆ ಹೋಗ್ಲಿಕ್ಕುಂಟು ಮಾರಾಯ್ತಿ? ಸುಮ್ಮನೆ ಒಂದು ಕಾಗದ ಇರ್ಲಿ ಅಂತ" ಎಂದರು. ನಿಜವೇ, ನಾನು ಎಲ್ಲಿಗೆ ಹೋಗಲಿಕ್ಕಿತ್ತು? ಸಹಿ ಹಾಕಿದೆ. ಸಾಕ್ಷಿಯ ಜಾಗದಲ್ಲಿ ಸಹಿ ಹಾಕಲು ಒಳಗಿನಿಂದ ಅವರ ಹೆಂಡತಿಯನ್ನೇ ಕರೆದರು. ಆಕೆ ಸೆರಗಿಗೆ ಕೈ ಒರೆಸಿಕೊಂಡು ಬಂದು, ಏನೆಂದು ಕೇಳದೆ ಸಹಿ ಹಾಕಿ, "ಚಾ ಕುಡಿದಾಯ್ತಾ?" ಎಂದು ನನ್ನನ್ನು ಕೇಳಿ ಹೋದರು.

ಆ ಮನೆಗೆ ನಾನು ಹೋದದ್ದು ಹೇಗೆಂದು ಹೇಳಬೇಕು. ನಾನು ಐಟಿಐಯಲ್ಲಿ ಮೋಟಾರ್ ಮೆಕ್ಯಾನಿಕ್ ಕಲಿತವಳು. ತರಗತಿಯಲ್ಲಿ ನಾನೊಬ್ಬಳೇ ಹುಡುಗಿ. ಅಪ್ಪ ಲಾರಿಯಲ್ಲಿ ಕ್ಲೀನರ್ ಆಗಿದ್ದು ಆಮೇಲೆ ಡ್ರೈವರ್ ಆದವರು. ನನಗೆ ಸ್ಟಿಯರಿಂಗ್ ಹಿಡಿಯಲು ಕಲಿಸಿದ್ದು ಅವರೇ. ಡ್ರೈವಿಂಗ್ ಕಲಿಸುವವರಿಗೆ ಈ ಮೆಕ್ಯಾನಿಕ್ ಸರ್ಟಿಫಿಕೇಟು ಬೇಕೇ ಬೇಕು. ನನ್ನಲ್ಲಿ ಅದಿತ್ತು, ಅನುಭವವೂ ಇತ್ತು. ಆದರೆ ಉಪ್ಪಳದಲ್ಲಿ, ಕುಂಬಳೆಯಲ್ಲಿ, ಕೇಳಿದಲ್ಲೆಲ್ಲ ಒಂದೇ ಮಾತು: "ಹೆಂಗಸು ಕಲಿಸಿದ್ರೆ ಗಂಡಸರು ಬರ್ತಾರಾ?"

ಹೊಸಂಗಡಿಯ ಈ ಸ್ಕೂಲು ಯಜಮಾನರ ಮನೆಯಲ್ಲೇ ಇತ್ತು. ಎದುರಿನ ಕೋಣೆ ಆಫೀಸು, ಹಿಂದೆ ಸಂಸಾರ. ನಾನು ಕೆಲಸ ಕೇಳಲು ಹೋದ ದಿನ ಅವರೂ ಅದೇ ಮಾತು ಹೇಳಲು ಬಾಯಿ ತೆರೆದಿರಬೇಕು. ಅಷ್ಟರಲ್ಲಿ ಬಾಗಿಲ ಪರದೆಯ ಹಿಂದಿನಿಂದ ಹೆಂಡತಿಯ ಸ್ವರ ಬಂತು: "ಗಂಡಸರು ಬರದಿದ್ರೆ ಹೆಂಗಸರು ಬರ್ತಾರೆ. ನೋಡಿ ಒಮ್ಮೆ." ಯಜಮಾನರು ಆ ಕಡೆ ತಿರುಗಿಯೂ ನೋಡಲಿಲ್ಲ. ಆದರೆ ಮರುದಿನದಿಂದ ಬರಲು ಹೇಳಿದರು.

ಹೆಂಗಸರು ಬಂದರು. ಅಂಗನವಾಡಿ ಟೀಚರುಗಳು, ಆಸ್ಪತ್ರೆಯ ನರ್ಸುಗಳು, ಬ್ಯಾಂಕಿನಲ್ಲಿ ಕೆಲಸ ಸಿಕ್ಕಿದ ಹುಡುಗಿಯರು. ಎಲ್ಲಕ್ಕಿಂತ ಹೆಚ್ಚಾಗಿ, ಕಾರು ಪೋರ್ಚಿನಲ್ಲಿ ಮತ್ತು ಗಂಡ ದುಬಾಯಿಯಲ್ಲಿ ಇದ್ದವರು. ಅವರೆಲ್ಲ ಮೊದಲ ದಿನ ಸ್ಟಿಯರಿಂಗನ್ನು ಬಿಸಿ ಪಾತ್ರೆ ಹಿಡಿದ ಹಾಗೆ ಹಿಡಿಯುತ್ತಿದ್ದರು. ನಾನು ಎಡಗಡೆಯ ಸೀಟಿನಲ್ಲಿ, ನನ್ನ ಕಾಲಡಿಯ ಎರಡನೆಯ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡು ಕೂತಿರುತ್ತಿದ್ದೆ. ಆ ಬ್ರೇಕನ್ನು ಆದಷ್ಟು ಒತ್ತದಿರುವುದೇ ಕಲಿಸುವವರ ಕೆಲಸ. ಕ್ಲಚ್ಚು ಬಿಡುವಾಗ ಕಾರು ಕುಪ್ಪಳಿಸಿ ನಿಂತುಹೋದರೆ ಅಳುವವರಿದ್ದರು, ನಗುವವರಿದ್ದರು, ದೇವರನ್ನು ಕರೆಯುವವರಿದ್ದರು. ಒಬ್ಬಾಕೆ ಮಾತ್ರ ಕಾರಿಗೇ ಬೈಯುತ್ತಿದ್ದಳು. ಎಲ್ಲರೂ ಕಲಿತರು. ಟೆಸ್ಟಿನ ದಿನ ಕಂಬಗಳ ನಡುವೆ ಹಿಂದೆ ಮುಂದೆ ಹೋಗಿ ಎಚ್ ಆಕಾರ ಬಿಡಿಸಿ ಹೊರಗೆ ಬಂದವರ ಮುಖ ನೋಡಬೇಕು. ಆ ಮುಖಕ್ಕಾಗಿ ನಾನು ಬೆಳಗಿನಿಂದ ಸಂಜೆಯವರೆಗೆ ಸೊಂಟ ನೋಯಿಸಿಕೊಂಡು ಕೂರುತ್ತಿದ್ದೆ.

ಯಜಮಾನರು ಕೆಟ್ಟವರಾಗಿರಲಿಲ್ಲ. ಈಗ ಹೀಗೆ ಬರೆಯುವುದು ನನಗೆ ಕಷ್ಟ, ಆದರೂ ಬರೆಯುತ್ತೇನೆ. ನನ್ನ ಮಗಳು ಹುಟ್ಟಿದಾಗ ಬೇರೆಯವರನ್ನು ಇಟ್ಟುಕೊಳ್ಳದೆ ನನ್ನ ಜಾಗ ಖಾಲಿ ಇಟ್ಟರು. ಅಪ್ಪ ತೀರಿಕೊಂಡ ದಿನ ಶವ ತರಲು ಅವರೇ ವ್ಯಾನು ಕಳಿಸಿದರು. "ಸ್ಕೂಲಿಗೆ ಹೆಸರು ಬಂದದ್ದೇ ಇವಳಿಂದ" ಎಂದು ಹತ್ತು ಜನರೆದುರು ಹೇಳುತ್ತಿದ್ದರು. ಬೋರ್ಡಿನ ಮೇಲೆ 'ಲೇಡಿ ಇನ್‌ಸ್ಟ್ರಕ್ಟರ್ ಇದ್ದಾರೆ' ಎಂದು ಕನ್ನಡ, ಮಲಯಾಳ, ಇಂಗ್ಲಿಷು ಮೂರರಲ್ಲೂ ಬರೆಸಿದರು. ಉಪ್ಪಳದ ಒಂದು ಸ್ಕೂಲಿನವರು, ಹಿಂದೆ ನನ್ನನ್ನು ಬೇಡವೆಂದವರೇ, ಈಗ ನನ್ನನ್ನು ವಿಚಾರಿಸಿದ್ದಾರೆಂದು ಅವರ ಕಿವಿಗೆ ಬಿದ್ದ ಮೇಲೆ ಆ ಛಾಪಾಕಾಗದ ಬಂತು.

ಆಮೇಲೆ ಅವರ ತಂಗಿಯ ಮಗ ಬಂದ. ಅವನಿಗೂ ಸರ್ಟಿಫಿಕೇಟು ಇತ್ತು. ನಯವಾಗಿ ಮಾತನಾಡುತ್ತಿದ್ದ, ನನ್ನನ್ನು ಅಕ್ಕ ಎನ್ನುತ್ತಿದ್ದ. ಎರಡನೆಯ ಕಾರು ತೆಗೆದುಕೊಂಡು ಯಜಮಾನರು ಅವನಿಗೆ ಕೊಟ್ಟರು. ಕಲಿಯಲು ಬರುವ ಹೆಂಗಸರು ಹೆಚ್ಚಾದ್ದರಿಂದ ಕೆಲವರನ್ನು ಅವನ ಕಾರಿಗೆ ಹಾಕಿದರು.

ಒಂದು ದಿನ ಕಾಲೇಜು ಮುಗಿಸಿದ ಒಬ್ಬ ಹುಡುಗಿ ಆಫೀಸಿನ ಮೆಟ್ಟಿಲ ಮೇಲೆ ನನಗಾಗಿ ಕಾದು ಕೂತಿದ್ದಳು. "ಅಕ್ಕ, ನನ್ನನ್ನು ನಿಮ್ಮ ಕಾರಿಗೆ ಹಾಕಿ. ಇಲ್ಲದಿದ್ರೆ ನಾನು ಬರುದಿಲ್ಲ" ಎಂದಳು. ಕಾರಣ ಕೇಳಿದೆ. ತಲೆ ತಗ್ಗಿಸಿ, "ಗೇರ್ ಹಾಕುವಾಗ ಕೈ ಮೇಲೆ ಕೈ ಇಡ್ತಾರೆ. ತೆಗೀರಿ ಅಂದ್ರೂ ತೆಗೆಯುದಿಲ್ಲ. ಮತ್ತೆ ಕಾಲಿಗೆ..." ಎಂದು ನಿಲ್ಲಿಸಿದಳು.

ನಾನು ನೇರ ಒಳಗೆ ಹೋಗಿ ಯಜಮಾನರಿಗೆ ಹೇಳಿದೆ. ಅವರು ಪೇಪರು ಮಡಚಿಟ್ಟು ಪೂರ್ತಿ ಕೇಳಿದರು. ಆಮೇಲೆ, "ಗೇರ್ ಹಾಕ್ಲಿಕ್ಕೆ ಕಲಿಸುವಾಗ ಕೈ ತಾಗುದಿಲ್ವಾ?" ಎಂದರು.

"ನನ್ನ ಕೈ ಯಾರಿಗೂ ತಾಗಿದ್ದು ಹಾಗೆ ಅನಿಸ್ಲಿಲ್ಲ."

"ನೀನು ಹೆಂಗಸಲ್ವಾ."

"ಅದನ್ನೇ ನಾನು ಹೇಳುದು."

ಅವರಿಗೆ ಸಿಟ್ಟು ಬಂತು. "ನೋಡು, ಅವನಿಗೆ ಹುಡುಗಿ ನೋಡ್ತಾ ಉಂಟು. ಈಗ ಹೀಗೆಲ್ಲ ಬಾಯಿಗೆ ಬಂದ ಹಾಗೆ ಹೇಳಿದ್ರೆ ಎಂತ ಆಗ್ತದೆ ಗೊತ್ತುಂಟಾ? ಆ ಹುಡುಗಿಯನ್ನು ನಿನ್ನ ಕಾರಿಗೆ ಹಾಕುವ. ವಿಷಯ ಮುಗೀತು" ಎಂದರು.

ವಿಷಯ ಮುಗಿಯಲಿಲ್ಲ. ಆ ಹುಡುಗಿ ಮತ್ತೆ ಬರಲೇ ಇಲ್ಲ. ಅವಳು ಬಿಟ್ಟ ಸಮಯಕ್ಕೆ ಇನ್ನೊಬ್ಬಳನ್ನು ಅವನ ಕಾರಿಗೆ ಹಾಕಿದರು. ಅವಳು ಕಾರು ಹತ್ತುವುದನ್ನು ನಾನು ಆಫೀಸಿನ ಕಿಟಕಿಯಿಂದ ನೋಡಿದೆ. ಅವನು ಬಾಗಿಲು ತೆರೆದು ಹಿಡಿದು ನಗುತ್ತಿದ್ದ. ಆ ತಿಂಗಳ ಕೊನೆಗೆ ನಾನು ಕೆಲಸ ಬಿಟ್ಟೆ.

ಬಿಡುತ್ತೇನೆಂದು ಹೇಳಿದಾಗ ಯಜಮಾನರು ಮೊದಲು ನಂಬಲಿಲ್ಲ. ನಂಬಿದ ಮೇಲೆ ಕಪಾಟು ತೆರೆದು ಆ ಕಾಗದ ತೆಗೆದು ಮೇಜಿನ ಮೇಲಿಟ್ಟರು. ಬೆರಳಿನಿಂದ ಎರಡು ಸಲ ಅದರ ಮೇಲೆ ತಟ್ಟಿದರು, ಅಷ್ಟೆ. ಅಷ್ಟು ವರ್ಷ ಆ ಮನೆಯಲ್ಲಿ ಚಾ ಕುಡಿದ ನನಗೆ ಅವರು ಕೊಟ್ಟ ಬೀಳ್ಕೊಡುಗೆ ಅದು.

ಕಾಸರಗೋಡಿನ ಒಬ್ಬ ವಕೀಲರ ಹತ್ತಿರ ಗಂಡನೊಂದಿಗೆ ಹೋದೆ. ಗಂಡ ಮನೆಗಳ ವೈರಿಂಗ್ ಮಾಡುವವರು. ಆ ದಿನದ ಕೆಲಸ ಬಿಟ್ಟು ಬಂದಿದ್ದರು. ವಕೀಲರು ಕಾಗದ ಓದಿ ನಕ್ಕರು. "ಇದಕ್ಕೆ ಬೆಲೆ ಇಲ್ಲಮ್ಮ. ಕೆಲಸದಲ್ಲಿ ಇರುವಾಗ ಬೇರೆ ಕಡೆ ಹೋಗ್ಬೇಡ ಅನ್ಬಹುದು. ಬಿಟ್ಟ ಮೇಲೆ ನಿಮ್ಮ ವಿದ್ಯೆಯಿಂದ ನೀವು ಬದುಕಬಾರದು ಅಂತ ಈ ದೇಶದ ಕಾನೂನಿನಲ್ಲಿ ಯಾರೂ ಬರೆಸ್ಕೊಳ್ಳಿಕ್ಕೆ ಆಗುದಿಲ್ಲ. ಧೈರ್ಯವಾಗಿ ಶುರು ಮಾಡಿ" ಎಂದರು. ಬಾಗಿಲ ತನಕ ಬಂದು ಬೀಳ್ಕೊಟ್ಟರು ಕೂಡ. ಕೆಳಗಿಳಿದ ಮೇಲೆ ಗಂಡ, "ಮತ್ತೆ ಎಂತಕ್ಕೆ ಇಷ್ಟು ಹೆದರಿದ್ದು ನೀನು?" ಎಂದರು. ನನಗೂ ನಗು ಬಂತು. ಆ ನಗುವಿನಲ್ಲೇ ಕಾರು ತೆಗೆದೆವು, ಬ್ಯಾಂಕಿನ ಸಾಲದಲ್ಲಿ. ಎರಡನೆಯ ಬ್ರೇಕು, ಕ್ಲಚ್ಚು ಹಾಕಿಸಿದ್ದಾಯಿತು. ಕುಂಜತ್ತೂರಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಸ್ಕೂಲಿನ ಲೈಸೆನ್ಸಿಗೆ ಅರ್ಜಿ ಹಾಕಿದೆ. ಇಲಾಖೆಯಿಂದ ಬಂದು ಕೋಣೆ, ಕಾರು, ಗೋಡೆಗೆ ತೂಗಿಸಿದ ರಸ್ತೆಚಿಹ್ನೆಗಳ ಪಟ ಎಲ್ಲ ನೋಡಿಕೊಂಡು ಹೋದರು. ಇನ್ನು ಲೈಸೆನ್ಸು ಬರುವುದು ಮಾತ್ರ ಬಾಕಿ.

ಆ ಕಾಯುವ ದಿನಗಳಲ್ಲೇ ಯಜಮಾನರ ಹೆಂಡತಿ ಫೋನು ಮಾಡಿದರು.

ಆಕೆಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಎರಡು ಕಾರುಗಳಿರುವ ಮನೆಯಲ್ಲಿ, ಡ್ರೈವಿಂಗ್ ಸ್ಕೂಲಿನ ಗೋಡೆಯ ಹಿಂದೆ ಅಡಿಗೆ ಮಾಡುತ್ತ ಆಕೆ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಳೆದಿದ್ದರು. ಕಲಿಯಬೇಕೆಂದು ಒಮ್ಮೆ ನನ್ನೆದುರೇ ಗಂಡನನ್ನು ಕೇಳಿದ್ದರು. "ನಿನಗೆ ಎಂತಕ್ಕೆ? ಹೋಗ್ಬೇಕಾದಲ್ಲಿಗೆ ನಾನು ಬಿಡುದಿಲ್ವಾ?" ಎಂದು ಯಜಮಾನರು ನಕ್ಕಿದ್ದರು. ಅದು ಒಳ್ಳೆಯ ಮಾತಿನ ಹಾಗೆಯೇ ಕೇಳಿಸಿತ್ತು.

"ನಾನು ಶಿರಿಯದಲ್ಲಿದ್ದೇನೆ, ಅಣ್ಣನ ಮನೆಯಲ್ಲಿ" ಎಂದರು ಫೋನಿನಲ್ಲಿ. "ಅಮ್ಮನಿಗೆ ಹುಷಾರಿಲ್ಲ, ಸ್ವಲ್ಪ ಸಮಯ ಇಲ್ಲೇ. ಅಣ್ಣನ ಹಳೆ ಕಾರು ಉಂಟು. ಕಲಿಯುವವರ ಲೈಸೆನ್ಸ್ ನಾನೇ ತೆಗೆದೆ, ಇಲ್ಲಿ ಆನ್‌ಲೈನ್ ಅರ್ಜಿ ಹಾಕುವ ಅಕ್ಷಯ ಸೆಂಟರಿನವಳು ಮಾಡಿಸಿ ಕೊಟ್ಲು. ನೀನು ಬಂದು ಕಲಿಸ್ತೀಯಾ?"

"ಧನಿಗಳಿಗೆ ಗೊತ್ತುಂಟಾ?"

"ಗೊತ್ತಾಗುದು ಬೇಡ. ಕಲಿತ ಮೇಲೆ ನಾನೇ ಮನೆ ತನಕ ಬಿಟ್ಕೊಂಡು ಹೋಗಿ ತೋರಿಸ್ತೇನೆ."

ನಾನು ಒಪ್ಪಿದೆ. ಇದು ವ್ಯಾಪಾರವಲ್ಲ, ನನ್ನ ಸ್ಕೂಲು ಇನ್ನೂ ಹುಟ್ಟಿಯೇ ಇಲ್ಲ, ದುಡ್ಡಿನ ಮಾತೂ ಇಲ್ಲ. ಪರದೆಯ ಹಿಂದಿನಿಂದ ನನಗಾಗಿ ಒಂದು ಮಾತು ಹೇಳಿದವರು ಆಕೆ. ಅಕ್ಕಪಕ್ಕದ ಮನೆಯವಳು ಕೇಳಿದ್ದರೂ ಹೇಳಿಕೊಡುತ್ತಿದ್ದೆ. ಈಕೆಗೆ ಇಲ್ಲವೆನ್ನಲು ಬಾಯಿ ಬರುತ್ತಿತ್ತೇ?

ಶಿರಿಯದಲ್ಲಿ ಹೊಳೆ ಸಮುದ್ರ ಸೇರುವ ಕಡೆಗೆ ಒಂದು ಕಿರುದಾರಿಯಿದೆ. ಮೀನಿನ ಟೆಂಪೊಗಳು ಬೆಳಿಗ್ಗೆ ಹೋದ ಮೇಲೆ ಅಲ್ಲಿ ಯಾರೂ ಇರುವುದಿಲ್ಲ. ಬಲೆ ಒಣಹಾಕಿದ ಜಾಗ ದಾಟಿ, ಎಲ್ ಬೋರ್ಡು ಕಟ್ಟಿಕೊಂಡು ನಾವಿಬ್ಬರು ಹೋಗುತ್ತಿದ್ದೆವು. ಆ ಹಳೆ ಕಾರಿಗೆ ಎಡಗಡೆ ಬ್ರೇಕಿರಲಿಲ್ಲ. ನನ್ನ ಕೈ ಹ್ಯಾಂಡ್‌ಬ್ರೇಕಿನ ಮೇಲೆಯೇ ಇರುತ್ತಿತ್ತು. ಅಕ್ಕ ಬೇಗ ಕಲಿತರು. ನಾನು ಹೊಸಬರಿಗೆ ಹೇಳುವ ಮಾತುಗಳನ್ನೆಲ್ಲ ಗೋಡೆಯ ಆಚೆಯಿಂದ ವರ್ಷಗಟ್ಟಲೆ ಕೇಳಿದ್ದರಂತೆ. ನಾನು ಬಾಯಿ ತೆರೆಯುವ ಮೊದಲೇ, "ಕನ್ನಡಿ ನೋಡಿದೆ, ಗೇರ್ ನ್ಯೂಟ್ರಲ್ ಉಂಟು" ಎನ್ನುತ್ತಿದ್ದರು. ಮೊದಲ ಸಲ ಮೂರನೇ ಗೇರಿಗೆ ಹಾಕಿ ಕಾರು ನುಣ್ಣಗೆ ಓಡಿದಾಗ ಆಕೆ, "ಇಷ್ಟೇಯಾ? ಇಷ್ಟಕ್ಕೆ ಇಷ್ಟು ವರ್ಷ ಹೋಯ್ತಾ?" ಎಂದರು. ಕಣ್ಣು ರಸ್ತೆಯ ಮೇಲೆಯೇ ಇತ್ತು. ನಾನು ಕಿಟಕಿಯ ಹೊರಗೆ ನೋಡಿದೆ. ಕೆಲಸ ಬಿಟ್ಟದ್ದು ಸರಿಯಾಯಿತು ಎಂದು ನನಗೆ ಪೂರ್ತಿ ಅನಿಸಿದ್ದು ಆ ಒಂದು ಬೆಳಿಗ್ಗೆ ಮಾತ್ರ.

ಅಲ್ಲಿ ಯಾರೂ ಇಲ್ಲವೆಂದು ನಾವು ಅಂದುಕೊಂಡಿದ್ದೆವು. ಯಾರೋ ಫೋಟೊ ತೆಗೆದಿದ್ದರು. ತೆಗೆದವರಿಗೆ ಕೆಟ್ಟ ಮನಸ್ಸು ಇತ್ತೆಂದೂ ನಾನು ಹೇಳಲಾರೆ. 'ಧನಿಗಳ ಹೆಂಡತಿ ಕಾರು ಕಲೀತಿದ್ದಾರೆ' ಎಂದು ಖುಷಿಯಿಂದಲೇ ಯಾರಿಗೋ ಕಳಿಸಿರಬಹುದು. ಅಂತೂ ಅದು ಯಜಮಾನರ ಫೋನಿಗೆ ಬಂದು ಮುಟ್ಟಿತು.

ಅಕ್ಕನ ಫೋನು ಸ್ವಿಚ್ ಆಫ್ ಆಯಿತು. ಆಮೇಲೆ ನನಗೆ ಕೋರ್ಟಿನ ಸಮನ್ಸು ಬಂತು. ಕರಾರು ಮುರಿದು ತಾಲೂಕಿನೊಳಗೆ ಕಲಿಸುತ್ತಿದ್ದಾಳೆ, ಹಾಗಾಗಿ ಸ್ಕೂಲು ತೆರೆಯದಂತೆ ತಡೆಯಾಜ್ಞೆ ಬೇಕು ಎಂದು ದಾವೆ. ಪುರಾವೆಯಾಗಿ ಆ ಫೋಟೊ: ಸ್ಟಿಯರಿಂಗಿನಲ್ಲಿ ಅಕ್ಕ, ಪಕ್ಕದಲ್ಲಿ ನಾನು, ಇಬ್ಬರೂ ಯಾವುದಕ್ಕೋ ನಗುತ್ತಿದ್ದೇವೆ. ಅದರ ಜೊತೆಗೆ ಅಕ್ಕನ ಹೇಳಿಕೆ. ನಾನೇ ಪದೇಪದೇ ಫೋನು ಮಾಡಿ, ಹೊಸ ಸ್ಕೂಲು ಶುರು ಮಾಡುತ್ತಿದ್ದೇನೆ, ನೀವು ಕಲಿತರೆ ಬೇರೆ ಹೆಂಗಸರೂ ಬರುತ್ತಾರೆ ಎಂದು ಪುಸಲಾಯಿಸಿದೆನೆಂದು ಅದರಲ್ಲಿತ್ತು. ಕೆಳಗೆ ಛಾಪಾಕಾಗದದಲ್ಲಿ ಸಾಕ್ಷಿಯಾಗಿ ಹಾಕಿದ್ದ ಅದೇ ಸಹಿ, ಸಣ್ಣದಾಗಿ, ಬಲಕ್ಕೆ ವಾಲಿದ್ದು.

ವಕೀಲರು ಈ ಸಲವೂ ನಕ್ಕರು. "ಇದು ನಿಲ್ಲುದಿಲ್ಲ" ಎಂದರು. ಮೊದಲ ಬಾರಿಗೆ ನನಗೆ ಅವರ ನಗು ಹಿಡಿಸಲಿಲ್ಲ.

"ನಿಲ್ಲುದಿಲ್ಲ ಅಂದ್ರೆ ಯಾವಾಗ ಬೀಳ್ತದೆ?" ಎಂದು ಕೇಳಿದೆ.

"ಅದು ಹೇಳ್ಲಿಕ್ಕೆ ಆಗುದಿಲ್ಲ."

ನನ್ನ ಲೈಸೆನ್ಸಿನ ಫೈಲಿನ ಮೇಲೆ ಇಲಾಖೆಯವರು 'ಕೋರ್ಟಿನಲ್ಲಿ ಕೇಸು ಇದೆ' ಎಂದು ಬರೆದು ಇಟ್ಟರು. ಬೇಡವೆಂದೂ ಹೇಳಲಿಲ್ಲ, ಕೊಡಲೂ ಇಲ್ಲ. ಕೇಳಲು ಹೋದರೆ ಕೂರಿಸಿ ಮಾತನಾಡಿಸುತ್ತಿದ್ದರು, ಮರ್ಯಾದೆಗೆ ಏನೂ ಕಡಿಮೆಯಿಲ್ಲ. ಕೇಸು ಮುಂದೆ ಹೋಯಿತು. ಒಮ್ಮೆ ಅವರ ವಕೀಲರಿಗೆ ಜ್ವರ, ಒಮ್ಮೆ ಕೋರ್ಟಿಗೆ ರಜೆ, ಒಮ್ಮೆ ಯಾವುದೋ ದಾಖಲೆ ಸಾಲದು. ಮಳೆಗಾಲ ಬಂತು. ಎರಡು ಬ್ರೇಕಿನ ಆ ಹೊಸ ಕಾರು ಮನೆಯಂಗಳದಲ್ಲಿ ನೀಲಿ ಟರ್ಪಾಲಿನ ಕೆಳಗೆ ನಿಂತಿತ್ತು. ಬ್ಯಾಟರಿ ಸಾಯದಿರಲೆಂದು ಆಗಾಗ ಸ್ಟಾರ್ಟ್ ಮಾಡಿ ಆಫ್ ಮಾಡುತ್ತಿದ್ದೆ. ಪಕ್ಕದ ಮನೆಯವರು ಬೇಲಿಯಿಂದಲೇ, "ಎಂತ, ಇವತ್ತು ಶುರುವಾ?" ಎಂದು ಕೇಳುತ್ತಿದ್ದರು. ಕೆಲವು ಸಲ ಅದು ಬರೀ ಪ್ರಶ್ನೆ, ಕೆಲವು ಸಲ ಅಲ್ಲ.

ಗಂಡ ಮಾತು ಕಡಿಮೆ ಮಾಡಿದರು. ಜಗಳವಾಡಿದ್ದರೆ ಒಳ್ಳೆಯದಿತ್ತು. ಒಂದು ದಿನ ಊಟ ಮಾಡುತ್ತ, "ನೀನು ಕೆಲಸ ಬಿಟ್ಟದ್ದು ಯಾರಿಗೆ ಬೇಕಾಗಿ? ಆ ಹುಡುಗಿ ನಮಗೆ ಎಂತ ಆಗ್ಬೇಕಿತ್ತು?" ಎಂದು ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ; ದಣಿದು ಕೇಳಿದ್ದು. ನನ್ನಲ್ಲಿ ಉತ್ತರವಿತ್ತು. ನಮಗೂ ಮಗಳಿದ್ದಾಳೆ ಎನ್ನಬಹುದಿತ್ತು. ಅನ್ನ ಕಲಸಿಕೊಂಡೆ.

ಕೊನೆಗೆ ನಾನು ಗಡಿ ದಾಟಿದೆ. ಕುಂಜತ್ತೂರಿನಿಂದ ಬಸ್ಸು ಹತ್ತಿದರೆ ಟಿಕೆಟು ತೆಗೆದು ಸೀಟು ಹುಡುಕುವಷ್ಟರಲ್ಲಿ ತಲಪಾಡಿ, ಆಚೆಗೆ ಕರ್ನಾಟಕ. ಅಲ್ಲಿಯ ಒಂದು ಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಛಾಪಾಕಾಗದದ ತಾಲೂಕು ಗಡಿಯ ಹತ್ತಿರ ಮುಗಿಯುತ್ತಿತ್ತಲ್ಲ. ಈ ಕಡೆ ಅಪರಾಧವಾದದ್ದು ಆ ಕಡೆ ಕೆಲಸ. ನಮ್ಮ ಊರಿನ ಇಬ್ಬರು ಹೆಂಗಸರು ನನ್ನನ್ನು ಹುಡುಕಿಕೊಂಡು ಅಲ್ಲಿಗೇ ಕಲಿಯಲು ಬಂದರು. ಬೆಳಿಗ್ಗೆ ಮೂವರೂ ಒಂದೇ ಬಸ್ಸಿನಲ್ಲಿ ಹೋಗಿ, ಇನ್ನೊಬ್ಬರ ಬೋರ್ಡಿನ ಕಾರಿನಲ್ಲಿ ಕಲಿತು, ಒಂದೇ ಬಸ್ಸಿನಲ್ಲಿ ಮರಳಿ ಬರುತ್ತಿದ್ದೆವು. ಅವರಿಗೆ ಅದು ತಮಾಷೆ. ನಾನೂ ನಗುತ್ತಿದ್ದೆ. ಮನೆಯ ಗೇಟು ತೆರೆದರೆ ಎದುರಿಗೆ ಆ ನೀಲಿ ಟರ್ಪಾಲು.

ತೀರ್ಪಿನ ದಿನ ಏನೂ ನಡೆಯಲಿಲ್ಲ ಎಂದೇ ಹೇಳಬೇಕು. ಅಷ್ಟು ಕಾಲ ಕಾದದ್ದು ಒಂದು ಚಾ ಕುಡಿಯುವಷ್ಟರಲ್ಲಿ ಮುಗಿಯಿತು. ಕೆಲಸ ಬಿಟ್ಟವಳು ತನ್ನ ವೃತ್ತಿ ಮಾಡಬಾರದೆಂಬ ಕರಾರಿಗೆ ಕಾನೂನಿನಲ್ಲಿ ಬೆಲೆಯಿಲ್ಲವೆಂದು, ನನ್ನ ವಕೀಲರು ಮೊದಲ ದಿನ ಹೇಳಿದ್ದನ್ನೇ ನ್ಯಾಯಾಧೀಶರು ಹೇಳಿದರು. ಯಜಮಾನರ ವಕೀಲರು ಬೇಸರವನ್ನೂ ತೋರಿಸಲಿಲ್ಲ. ಹೊರಗೆ ವರಾಂಡದಲ್ಲಿ ಅವರೇ ನನ್ನ ವಕೀಲರ ಹೆಗಲ ಮೇಲೆ ಕೈಹಾಕಿ ಮಾತನಾಡುತ್ತಿದ್ದರು. "ಇದು ನಿಲ್ಲುದಿಲ್ಲ ಅಂತ ನಾನು ಮೊದಲೇ ಹೇಳಿದ್ದೆ ಮಾರಾಯ. 'ಗೆಲ್ಲುದು ಬೇಡ, ಎಳೆಯಿರಿ ಸಾಕು' ಅಂದ್ರು" ಎಂದದ್ದು ನನ್ನ ಕಿವಿಗೆ ಬಿತ್ತು. ನಾನು ಕೇಳಿಸಿಕೊಂಡೆನೆಂದು ಗೊತ್ತಾದ ಮೇಲೂ ಅವರು ಮುಜುಗರಪಡಲಿಲ್ಲ. ಕೇಸು ಮುಗಿದಿತ್ತಲ್ಲ, ಇನ್ನು ಮುಚ್ಚಿಡುವುದು ಏನಿದೆ?

ಅಂದರೆ ಯಜಮಾನರಿಗೂ ಗೊತ್ತಿತ್ತು. ಕಾಗದ ಮೇಜಿನ ಮೇಲಿಟ್ಟು ಬೆರಳಿನಿಂದ ತಟ್ಟಿದ ದಿನವೇ ಗೊತ್ತಿತ್ತೋ, ಆಮೇಲೆ ಗೊತ್ತಾಯಿತೋ ನಾನು ಅರಿಯೆ. ಅವರು ನನ್ನನ್ನು ಸೋಲಿಸಲು ನೋಡಿದ್ದೇ ಅಲ್ಲ. ನನ್ನ ಕಾರು ಮಳೆಯಲ್ಲಿ ನಿಲ್ಲಬೇಕು, ಬ್ಯಾಂಕಿನವರು ಫೋನು ಮಾಡಬೇಕು, ಗಂಡ ಮಾತು ಬಿಡಬೇಕು, ನನ್ನಲ್ಲಿ ಕಲಿಯಲು ಕಾದಿದ್ದವರು ಕಾದು ಸಾಕಾಗಿ ಹೊಸಂಗಡಿಗೇ ಹೋಗಬೇಕು. ಅಷ್ಟು ಆಯಿತು. ಕರಾರಿನ ಮೂರು ವರ್ಷವನ್ನು ಕೋರ್ಟು ಒಪ್ಪಲಿಲ್ಲ. ಅದರ ದೊಡ್ಡ ಪಾಲನ್ನು ಕೋರ್ಟಿನ ಮೂಲಕವೇ ಅವರು ನನ್ನಿಂದ ವಸೂಲು ಮಾಡಿಕೊಂಡರು.

ಲೈಸೆನ್ಸು ಬಂತು. ಸ್ಕೂಲು ಶುರುವಾಯಿತು, ನಡೆಯುತ್ತಿದೆ. ತುಂಬಿ ತುಳುಕುವುದಿಲ್ಲ, ಖಾಲಿಯೂ ಇಲ್ಲ. ಹೆದ್ದಾರಿ ಅಗಲವಾದ ಮೇಲೆ ಕಲಿಸುವುದೇ ಬೇರೆ ವಿದ್ಯೆಯಾಗಿದೆ. ಎದುರಿಗೆ ಕಾಣುವ ಅಂಗಡಿಗೆ ಹೋಗಬೇಕಾದರೂ ಸರ್ವಿಸ್ ರಸ್ತೆ ಹಿಡಿದು, ಅಂಡರ್‌ಪಾಸ್ ಸುತ್ತಿ ಬರಬೇಕು. ಜನ ನನ್ನನ್ನು ನೋಡಿದರೆ, "ಕೇಸ್ ಗೆದ್ದವರಲ್ವಾ ನೀವು?" ಎನ್ನುತ್ತಾರೆ. ಅದು ನನ್ನ ಬಿರುದಾಗಿದೆ. ಹೌದೆನ್ನುತ್ತೇನೆ.

ಟೆಸ್ಟಿನ ದಿನ ತಾಲೂಕಿನ ಎಲ್ಲ ಸ್ಕೂಲಿನವರೂ ಒಂದೇ ಮೈದಾನಕ್ಕೆ ಬರಬೇಕು. ಅಲ್ಲಿ ನೆರಳಿಗೆಂದು ಇರುವುದು ಒಂದೇ ಗೋಳಿಮರ. ಹಾಗಾಗಿ ಯಜಮಾನರೂ ನಾನೂ ಅದರಡಿ ನಿಲ್ಲುತ್ತೇವೆ. ಮೊದಲ ಸಲ ನಾನು ಬಿಸಿಲಿನಲ್ಲೇ ನಿಂತಿದ್ದೆ. ಅವರೇ ಕರೆದರು: "ಇಲ್ಲಿ ಬಾ ಮಾರಾಯ್ತಿ, ಬಿಸಿಲಿಗೆ ಎಂತಕ್ಕೆ ನಿಲ್ತೀ? ಗಂಡ ಹೇಗಿದ್ದಾರೆ? ಮಗಳು ಎಷ್ಟನೇ ಕ್ಲಾಸು?" ನಾನು ಹೋಗಿ ನೆರಳಿನಲ್ಲಿ ನಿಂತೆ. ಆಗ ಸ್ವಲ್ಪ ಹತ್ತಿರ ಬಂದು, "ಮನಸ್ಸಿಗೆ ಹಚ್ಕೊಳ್ಬೇಡ. ಬಿಸಿನೆಸ್ ಅಂದ್ರೆ ಇದೆಲ್ಲ ಇರ್ತದೆ" ಎಂದರು. ಪಕ್ಕದಲ್ಲಿದ್ದ ಇನ್ನೊಂದು ಸ್ಕೂಲಿನವರಿಗೆ ನನ್ನನ್ನು ತೋರಿಸಿ, "ನಮ್ಮಲ್ಲೇ ಪಳಗಿದವಳು" ಎಂದೂ ಸೇರಿಸಿದರು. ಆ ಸ್ವರದಲ್ಲಿ ಸ್ವಲ್ಪವೂ ಕಪಟವಿರಲಿಲ್ಲ. ಅದೇ ನನ್ನನ್ನು ಸುಟ್ಟದ್ದು. ಅವರು ನನ್ನನ್ನು ದ್ವೇಷಿಸಿದ್ದರೆ ನನಗೆ ನಿಂತುಕೊಳ್ಳಲು ಒಂದು ಜಾಗವಿರುತ್ತಿತ್ತು.

ಅವರ ತಂಗಿಯ ಮಗನಿಗೆ ಮದುವೆಯಾಗಿದೆ. ಈಗಲೂ ಆ ಎರಡನೆಯ ಕಾರಿನಲ್ಲಿ ಕಲಿಸುತ್ತಾನೆ. ನನ್ನನ್ನು ಕಂಡರೆ ಅಕ್ಕ ಎನ್ನುತ್ತಾನೆ. ಮೆಟ್ಟಿಲ ಮೇಲೆ ಕಾದು ಕೂತಿದ್ದ ಆ ಹುಡುಗಿಯನ್ನು ನಾನು ಒಮ್ಮೆ ಬಸ್ಸಿನಲ್ಲಿ ಕಂಡೆ. ನಮ್ಮಲ್ಲಿಗೆ ಬಂದು ಕಲಿ, ಫೀಸು ಬೇಡ ಎಂದೆ. "ಇಲ್ಲ ಅಕ್ಕ, ಆಸೆ ಹೋಯ್ತು" ಎಂದಳು.

ಯಜಮಾನರ ಹೆಂಡತಿಯನ್ನು ಕಂಡದ್ದು ಕಳೆದ ವರ್ಷ, ಹೊಸಂಗಡಿಯ ಒಂದು ಬಟ್ಟೆ ಅಂಗಡಿಯಲ್ಲಿ. ಮಗಳಿಗೆ ಯೂನಿಫಾರ್ಮ್ ತೆಗೆಯಲು ಹೋಗಿದ್ದೆ. ಆಕೆ ಕೌಂಟರಿನ ಆ ತುದಿಯಲ್ಲಿ ಬೆಡ್‌ಶೀಟು ನೋಡುತ್ತಿದ್ದರು. ನನ್ನನ್ನು ಕಂಡು ಕೈಯಲ್ಲಿದ್ದದ್ದನ್ನು ಬಿಟ್ಟು ಬಂದರು. ಕೂದಲು ತುಂಬ ಬೆಳ್ಳಗಾಗಿತ್ತು.

"ನನ್ನ ಮೇಲೆ ಬೇಜಾರು ಉಂಟಾ?" ಎಂದು ಕೇಳಿದರು.

"ಇಲ್ಲ ಅಕ್ಕ" ಎಂದೆ.

"ಬರೆದು ತಂದಿದ್ರು. ಸಹಿ ಹಾಕು ಅಂದ್ರು. ಹಾಕದಿದ್ರೆ ಅಮ್ಮನನ್ನು ನೋಡ್ಲಿಕ್ಕೆ ಶಿರಿಯಕ್ಕೆ ಕಳಿಸುದಿಲ್ಲ ಅಂದ್ರು. ಅಮ್ಮ ಆಗ ಹೋಗುವ ಹಾಗಿತ್ತು." ಆಕೆ ನನ್ನ ಕೈ ಹಿಡಿದರು. "ನಾನು ಎಂತ ಮಾಡ್ಬೇಕಿತ್ತು, ಹೇಳು?"

ನಿಜವಾಗಿಯೂ ಉತ್ತರ ಬೇಕೆಂಬ ಹಾಗೆ ಕೇಳಿದರು. ಆಕೆ ಬೇರೇನೂ ಮಾಡಬಹುದಿತ್ತೆಂದು ನನಗೆ ಆಗಲೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ತಾಯಿಯನ್ನು ಬಿಡಲು ಆಗುತ್ತದೆಯೇ? ಇದೆಲ್ಲ ನನಗೆ ಗೊತ್ತು. ಆದರೆ 'ಪದೇಪದೇ ಫೋನು ಮಾಡಿ ಪುಸಲಾಯಿಸಿದಳು' ಎಂಬ ಸಾಲು ನನ್ನ ಕಣ್ಣೆದುರು ಬಂದು ನಿಂತಿತು. ಮಳೆಯಲ್ಲಿ ನಿಂತ ಕಾರು ನೆನಪಿಗೆ ಬಂತು. ಒಂದೇ ಒಂದು ಒಳ್ಳೆಯ ಮಾತು ಸಾಕಿತ್ತು. ಕೈ ಬಿಡಿಸಿಕೊಂಡೆ.

"ಮತ್ತೆ ಕಾರು ಬಿಟ್ಟಿದ್ದೀರಾ?" ಎಂದು ಕೇಳಿದೆ.

"ಎಲ್ಲಿ? ಅಣ್ಣ ಆ ಕಾರು ಮಾರಿದ."

ಅಂಗಡಿಯವನು ಯೂನಿಫಾರ್ಮಿನ ಅಳತೆ ಕೇಳಿದ. ನಾನು ಅವನ ಕಡೆ ತಿರುಗಿ, ಮಗಳ ಎತ್ತರ ಹೇಳಿ, ಸ್ವಲ್ಪ ದೊಡ್ಡದೇ ಇರಲಿ ಎಂದೆ. ಆಕೆ ಸ್ವಲ್ಪ ಹೊತ್ತು ನನ್ನ ಬೆನ್ನ ಹಿಂದೆ ನಿಂತಿದ್ದರು. ಆಮೇಲೆ ಹೋಗಿರಬೇಕು. ನಾನು ತಿರುಗಿ ನೋಡಲಿಲ್ಲ.